ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋ ಮುಂಚೆ ಅದರ ಕಂತು ತೀರಿದೆಯಾ ಕೇಳಿ

ಸೆಕೆಂಡ್ ಹ್ಯಾಂಡ್ ಮೊಬೈಲ್ ತಗೊಳ್ಳೋಕೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಹೋಗಿ. ಕದ್ದ ಫೋನ್ ಬಗ್ಗೆ ಈಗ ಜನ ಹುಷಾರಾಗಿದ್ದಾರೆ. ಕದ್ದದ್ದಲ್ಲ, ಕೆಟ್ಟದ್ದಲ್ಲ, ಆದರೆ ಹಳೇ ಓನರ್ ಕಂತು ಬಾಕಿ ಇಟ್ಟು ಮಾರಿದ ಫೋನ್ ಬಗ್ಗೆ ಹೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ಅಕ್ಕನ ಮಗಳು ದಾವಣಗೆರೆಯಲ್ಲಿ ಬಿ.ಕಾಂ ಓದುತ್ತಿದ್ದಾಳೆ. ಅವಳ ಹಳೇ ಫೋನಲ್ಲಿ ಚಾರ್ಜ್ ನಿಲ್ಲುತ್ತಿರಲಿಲ್ಲ. ಭಾವ ಅವಳನ್ನು ಕರೆದುಕೊಂಡು ಹೋಗಿ ಒಂದು ಅಂಗಡಿಯಲ್ಲಿ 11,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಫೋನ್ ಕೊಡಿಸಿದರು. ಹೊಸದಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಬೆಲೆ. ಭಾವ ಸುಮ್ನೆ ನಂಬೋ ಮನುಷ್ಯ ಅಲ್ಲ. ಕ್ಯಾಮೆರಾ, ಸ್ಪೀಕರ್, ಚಾರ್ಜಿಂಗ್ ಎಲ್ಲ ನೋಡಿದರು. *#06# ಒತ್ತಿ, ಒಂದೊಂದು ಫೋನಿಗೂ ಬೇರೆ ಬೇರೆ ಇರುವ 15 ಅಂಕಿಯ ಗುರುತಿನ ನಂಬರ್, ಅಂದರೆ ಐಎಂಇಐ, ತೆಗೆದರು. ತಮ್ಮ ಫೋನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ (KYM) ಅಂತ ಹೊಡೆದು, ಜಾಗ ಬಿಟ್ಟು, ಆ ನಂಬರ್ ಹಾಕಿ ದೂರಸಂಪರ್ಕ ಇಲಾಖೆಯ 14422ಕ್ಕೆ ಎಸ್‌ಎಂಎಸ್ ಕಳಿಸಿದರು. ಸರಿಯಾದ ನಂಬರ್ ಅಂತಲೇ ಉತ್ತರ ಬಂತು. ಬಾಕ್ಸ್ ಮತ್ತು ಹಳೇ ಬಿಲ್ ಕೇಳಿದ್ದಕ್ಕೆ ಅಂಗಡಿಯವನು, "ಅವೆರಡೂ ಇಲ್ಲ ಸಾರ್, ಅದಕ್ಕೇ ಈ ರೇಟು" ಅಂದ.

ಸ್ವಲ್ಪ ದಿನ ಫೋನ್ ಚೆನ್ನಾಗೇ ನಡೆಯಿತು. ಒಂದು ಬೆಳಿಗ್ಗೆ ಗೆಳತಿಯ ನಂಬರಿನಿಂದ ನನಗೆ ಕಾಲ್. "ಮಾವ, ನನ್ನ ಫೋನ್ ಲಾಕ್ ಆಗಿದೆ. ಯಾವುದೋ ಫೈನಾನ್ಸ್‌ದು ಬರ್ತಿದೆ." ಹೋಗಿ ನೋಡಿದೆ. ಸ್ಕ್ರೀನ್ ತುಂಬ ಒಂದು ಫೈನಾನ್ಸ್ ಕಂಪನಿಯ ಹೆಸರು. ಕೆಳಗೆ, ನಿಮ್ಮ ಕಂತು ಬಾಕಿ ಇದೆ, ಅದಕ್ಕೆ ಲಾಕ್ ಮಾಡಲಾಗಿದೆ ಅಂತ ಬರಹ. ಇದ್ದದ್ದು ಎರಡೇ ಬಟನ್: ಒಂದು ಎಮರ್ಜೆನ್ಸಿ ಕಾಲ್‌ಗೆ, ಇನ್ನೊಂದು ದುಡ್ಡು ಕಟ್ಟೋಕೆ. ವಾಟ್ಸ್‌ಆ್ಯಪ್ ಮೆಸೇಜ್ ಬರುವ ಸದ್ದು ಕೇಳುತ್ತಿತ್ತು, ತೆಗೆದು ನೋಡೋಕೆ ಆಗುತ್ತಿರಲಿಲ್ಲ. ಕಾಲೇಜಿನ ನೋಟ್ಸ್, ಫೋಟೋಗಳು, ಯುಪಿಐ ಎಲ್ಲ ಅದರೊಳಗೇ.

ಇದು ಹೇಗೆ ಆಗುತ್ತದೆ ಅಂದರೆ, ಸಾಲದ ಮೇಲೆ ಫೋನ್ ಕೊಡುವಾಗಲೇ ಕೆಲವು ಫೈನಾನ್ಸ್ ಕಂಪನಿಗಳು ಅದರಲ್ಲಿ ಲಾಕ್ ಮಾಡುವ ಆ್ಯಪ್ ಹಾಕಿರುತ್ತವೆ. ಕಂತು ಸರಿಯಾಗಿ ಬರುತ್ತಿರುವವರೆಗೆ ಅದು ತೆಪ್ಪಗಿರುತ್ತದೆ. ತಪ್ಪಿದರೆ ಇಂಟರ್ನೆಟ್ ಮೂಲಕ ಲಾಕ್ ಬೀಳುತ್ತದೆ. ರಿಸೆಟ್ ಮಾಡಿದರೆ ಹೋಗುತ್ತೆ ಅಂದುಕೊಳ್ಳಬೇಡಿ. ಸ್ಯಾಮ್‌ಸಂಗ್‌ನ ನಾಕ್ಸ್ ಗಾರ್ಡ್‌ನಂಥ ವ್ಯವಸ್ಥೆಯಲ್ಲಿ ಆ ಫೋನಿನ ಐಎಂಇಐ ನಂಬರೇ ನೋಂದಣಿ ಆಗಿರುತ್ತದೆ. ರಿಸೆಟ್ ಮಾಡಿ ನೆಟ್‌ಗೆ ಸೇರಿಸಿದ ಕೂಡಲೇ ಮತ್ತೆ ವಕ್ಕರಿಸುತ್ತದೆ.

ಇಲ್ಲೇ ಗಮನಿಸಬೇಕಾದ ಮಾತು. 14422ರ ಎಸ್‌ಎಂಎಸ್ ಆಗಲಿ, ಅದೇ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಆಗಲಿ ಹೇಳುವುದು ಫೋನ್ ಬ್ಲಾಕ್ ಆಗಿದೆಯಾ, ನಂಬರ್ ನಕಲಿಯಾ ಅನ್ನುವುದನ್ನು ಮಾತ್ರ. ಸಾಲ ಇದೆಯಾ ಅನ್ನುವುದು ಅದರಲ್ಲಿ ಬರುವುದಿಲ್ಲ. ಹಳೇ ಬೈಕ್ ತಗೊಂಡರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇರುತ್ತದೆ, ಸಾಲ ತೀರಿದೆ ಅಂತ ಅವರು ಕೊಡುವ ಎನ್‌ಒಸಿ ಪತ್ರ ಇಲ್ಲದೆ ಆ ಹೆಸರು ಹೋಗುವುದಿಲ್ಲ. ಫೋನಿಗೆ ಆರ್‌ಸಿ ಇಲ್ಲ. ಇರುವುದು ಒಂದೇ ಕಾಗದ, ಮೊದಲ ಬಿಲ್. ಅದರ ಮೇಲೆ ಐಎಂಇಐ ಇರುತ್ತದೆ, ಕಂತಿನಲ್ಲಿ ತಗೊಂಡಿದ್ದರೆ ಸಾಮಾನ್ಯವಾಗಿ ಫೈನಾನ್ಸ್ ಕಂಪನಿಯ ಹೆಸರೂ ಇರುತ್ತದೆ. ಬಿಲ್ ಇಲ್ಲ ಅನ್ನುವವನು ನಿಮಗೆ ಮುಚ್ಚಿಡುತ್ತಿರುವುದು ಅದನ್ನೇ ಇರಬಹುದು.

ಅಂಗಡಿಯವನು ಮೊದಲಿಗೆ, "ಅದು ಹಳೇ ಓನರ್ ವಿಚಾರ, ನಮಗೇನ್ ಸಂಬಂಧ" ಅಂದ. ಫೈನಾನ್ಸ್ ಕಂಪನಿಗೆ ಕಾಲ್ ಮಾಡಿದರೆ, ಸಾಲಗಾರರ ಹೊರತು ಬೇರೆಯವರ ಜೊತೆ ಮಾತಾಡುವುದಿಲ್ಲ ಅಂದರು. ಪಕ್ಕದ ರಸ್ತೆಯ ರಿಪೇರಿ ಹುಡುಗನೊಬ್ಬ ಮಾತ್ರ ಧೈರ್ಯವಾಗಿ, "1,500 ಕೊಡಿ ಅಣ್ಣ, ಐಎಂಇಐ ಚೇಂಜ್ ಮಾಡಿ ಓಪನ್ ಮಾಡ್ತೀನಿ" ಅಂದ. ಈ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಐಎಂಇಐ ತಿದ್ದುವುದು ಅಪರಾಧ. 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಬೀಳಬಹುದು. ಕಂತು ತಪ್ಪಿಸಿದವನು ಆರಾಮಾಗಿ ಓಡಾಡಿಕೊಂಡಿರುತ್ತಾನೆ, ಕೇಸ್ ನಿಮ್ಮ ಮೈಮೇಲೆ ಬರುತ್ತದೆ.

ನಮ್ಮ ಕೈಲಿದ್ದ ರಸೀದಿ ನೋಡಿ ನನಗೆ ಹೊಟ್ಟೆ ಉರಿಯಿತು. ಒಂದು ಬಿಳಿ ಚೀಟಿ, ಅಂಗಡಿ ಸೀಲು, ಪೆನ್ನಲ್ಲಿ "ಓಲ್ಡ್ ಮೊಬೈಲ್, ನೋ ರಿಟರ್ನ್". ಮಾಡೆಲ್ ಹೆಸರಿಲ್ಲ, ಐಎಂಇಐ ಇಲ್ಲ. ಅವನು ಈ ಫೋನ್ ನಮ್ಮದೇ ಅಲ್ಲ ಅಂದುಬಿಟ್ಟಿದ್ದರೂ ಆಗುತ್ತಿತ್ತು. ನಮ್ಮನ್ನು ಉಳಿಸಿದ್ದು ಭಾವನ ಫೋನಲ್ಲಿದ್ದ ಆ ಎಸ್‌ಎಂಎಸ್. ಕೊಂಡ ದಿನಾಂಕ, ಐಎಂಇಐ ಎರಡೂ ಅದರಲ್ಲಿತ್ತು. ಅದೇ ಹೊತ್ತಿಗೆ ಅಂಗಡಿಯ ಖಾತೆಗೆ ಯುಪಿಐನಲ್ಲಿ ದುಡ್ಡು ಹೋಗಿದ್ದೂ ದಾಖಲಾಗಿತ್ತು. ಎರಡರ ಪ್ರಿಂಟ್ ಇಟ್ಟು, ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂತ ಬರೆದು ಕೊಟ್ಟೆವು. ಆಮೇಲೆ ಮಾತು ಬದಲಾಯಿತು. 8,000 ವಾಪಸ್ ಕೊಟ್ಟ. ಪೂರ್ತಿ ಬರಲಿಲ್ಲ. ಅವಳ ಪರೀಕ್ಷೆ ಹತ್ತಿರ ಇತ್ತು, ಅಕ್ಕ ಸಾಕು ಬಿಡು ಅಂದಳು.

ಹಾಗಾಗಿ ಕೊಳ್ಳುವವರು ಮೊದಲ ಬಿಲ್ ನೋಡದೆ ದುಡ್ಡು ಕೊಡಬೇಡಿ. ಕಂತಿನ ಫೋನ್ ಆಗಿದ್ದರೆ ಸಾಲ ತೀರಿದ ಪತ್ರ ಕೇಳಿ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಡಿವೈಸ್ ಅಡ್ಮಿನ್ ಆ್ಯಪ್‌ಗಳ ಪಟ್ಟಿ ಸಿಗುತ್ತದೆ, ಅಲ್ಲಿ ಫೈನಾನ್ಸ್ ಹೆಸರಿನದ್ದೇನಾದರೂ ಇದ್ದರೆ ಫೋನ್ ಕೆಳಗಿಟ್ಟು ಬನ್ನಿ. ಅಂಗಡಿಯಲ್ಲೇ ರಿಸೆಟ್ ಮಾಡಿಸಿ, ನಿಮ್ಮ ಹಾಟ್‌ಸ್ಪಾಟ್‌ಗೆ ಸೇರಿಸಿ, ಹೋಮ್ ಸ್ಕ್ರೀನ್ ಬರುವವರೆಗೂ ಅಲ್ಲೇ ನಿಲ್ಲಿ. ಹಳೇ ಓನರ್‌ನ ಗೂಗಲ್ ಅಕೌಂಟ್ ಕೇಳಿದರೆ, ಐಫೋನ್ ಆದರೆ ಹಳೇ ಓನರ್‌ನ ಆ್ಯಪಲ್ ಅಕೌಂಟ್ ಕೇಳುವ ಆ್ಯಕ್ಟಿವೇಶನ್ ಲಾಕ್ ತೋರಿಸಿದರೆ, ಅದೂ ಬೇಡ. ಅಂಗಡಿಯವನಿಗೆ ಬೇಜಾರಾದರೆ ಆಗಲಿ. ಇಷ್ಟೆಲ್ಲ ಮಾಡಿದರೂ ಕಂತು ಇನ್ನೂ ನಡೆಯುತ್ತಿರುವ ಫೋನ್ ಆ ಹೊತ್ತಿಗೆ ಏನೂ ತೋರಿಸದೇ ಇರಬಹುದು, ಅದಕ್ಕೇ ಬಿಲ್ ಬಿಲ್ ಅಂತ ಬಡ್ಕೊಳ್ತಿದ್ದೀನಿ. ನಿಮಗೆ ಕೊಡುವ ರಸೀದಿಯಲ್ಲೂ ಐಎಂಇಐ ಬರೆಸಿಕೊಳ್ಳಿ, ದುಡ್ಡು ಯುಪಿಐನಲ್ಲೇ ಕೊಡಿ.

ಈಗಾಗಲೇ ಲಾಕ್ ಬಿದ್ದಿದ್ದರೆ ಬೇರೆಯವರ ಸಾಲ ಕಟ್ಟೋಕೆ ಹೋಗಬೇಡಿ. ಒಂದು ಕಂತು ಕಟ್ಟಿದರೆ ಮುಂದಿನ ತಿಂಗಳು ಮತ್ತೆ ಬೀಳುತ್ತದೆ. ಲಾಕ್ ಸ್ಕ್ರೀನಿನ ಫೋಟೋ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಅದರಲ್ಲಿ ಯುಪಿಐ ಹೊಸದಾಗಿ ನೋಂದಾಯಿಸಿ. ಫೋನ್ ಅಂಗಡಿಗೆ ವಾಪಸ್ ಕೊಡುವ ಮುಂಚೆ ಬೇರೆ ಫೋನಿನಲ್ಲಿ ಗೂಗಲ್‌ನ ಫೈಂಡ್ ಹಬ್ ತೆಗೆದು ಅದರೊಳಗಿರುವುದನ್ನೆಲ್ಲ ಮೊದಲು ಅಳಿಸಿ, ಆಮೇಲೆ ನಿಮ್ಮ ಗೂಗಲ್ ಅಕೌಂಟಿನಿಂದ ಅದನ್ನು ಸೈನ್ ಔಟ್ ಮಾಡಿ. ಹೆಣ್ಣುಮಕ್ಕಳ ಫೋನ್ ಆಗಿದ್ದರಂತೂ ಈ ಕೆಲಸ ಮುಗಿಯುವವರೆಗೆ ಅದನ್ನು ಅಂಗಡಿಯವರ ಕೈಗೆ ಕೊಡಲೇಬೇಡಿ.