ಬೋರ್ಡ್ ಒಬ್ಬರದು, ರಸೀದಿ ಇನ್ನೊಬ್ಬರದು: ಮಗಳನ್ನ ಕಲಾ ಕೇಂದ್ರಕ್ಕೆ ಸೇರಿಸಿ ನಾವು ಪಟ್ಟ ಪಾಡು

ಮಕ್ಕಳನ್ನ ನಾಟಕ, ಡ್ಯಾನ್ಸು, ಹಾಡು ಅಂತ ಯಾವ್ದಾದ್ರೂ ಸಮುದಾಯ ಕಲಾ ಕೇಂದ್ರಕ್ಕೆ ಸೇರಿಸೋ ಯೋಚನೇಲಿ ಇರೋರು ದುಡ್ಡು ಕಟ್ಟೋ ಮುಂಚೆ ಇದನ್ನ ಒಂದ್ಸಲ ಓದ್ಬಿಡಿ. ಸ್ವಲ್ಪ ಉದ್ದ ಇದೆ, ಹೊಟ್ಟೆ ಉರಿಯಿಂದ ಬರೀತಿರೋದ್ರಿಂದ ಅಲ್ಲಲ್ಲಿ ದಾರಿ ತಪ್ಪತ್ತೆ, ಸಹಿಸ್ಕೊಳ್ಳಿ. ಕೇಂದ್ರದ ಹೆಸರು ಹಾಕಲ್ಲ. ಹೆಸರು ಹಾಕಿದ್ರೆ ಅದೊಂದನ್ನ ಬಿಟ್ಟು ಪಕ್ಕದ್ದಕ್ಕೆ ಹೋಗ್ತೀರ, ಅಲ್ಲೂ ಇದೇ ಆಟ ನಡೀತಿದ್ರೆ ನಾನು ಬರೆದೂ ದಂಡ.

ನಮ್ಮ ಹುಡುಗಿಗೆ ಒಂಬತ್ತು ವರ್ಷ. ಕನ್ನಡಿ ಮುಂದೆ ನಿಂತು ಟೀಚರ್ ಥರ ಮಾತಾಡೋದು, ಅಜ್ಜಿ ಥರ ನಡೆಯೋದು, ಇದೇ ಅವಳ ಕೆಲಸ. ಯಾರೋ ಹೇಳಿದ್ರು, ಕಲಾ ಕೇಂದ್ರದಲ್ಲಿ ಮೂರು ತಿಂಗಳ ಪರ್ಫಾರ್ಮಿಂಗ್ ಆರ್ಟ್ಸ್ ಪ್ರೋಗ್ರಾಂ ಶುರು ಆಗ್ತಿದೆ, ನಟನೆ, ನೃತ್ಯ, ಹಾಡು ಮೂರೂ ಸೇರಿಸಿ ಕಲಿಸ್ತಾರೆ, ಕೊನೇಲಿ ದೊಡ್ಡ ಸ್ಟೇಜ್ ಮೇಲೆ ಶೋ ಅಂತ. ಸಮುದಾಯ ಕಲಾ ಕೇಂದ್ರ ಅಂದ್ರೆ ನಮಗೆಲ್ಲ ಒಂದು ನಂಬಿಕೆ ಇರತ್ತಲ್ಲ, ಲಾಭಕ್ಕೆ ನಡೆಸೋದಲ್ಲ, ಹೊಣೆ ಹೊರೋಕೆ ಒಂದು ಸಮಿತಿ ಇರತ್ತೆ ಅಂತ. ಆ ನಂಬಿಕೇನೇ ಇಲ್ಲಿ ಮಾರಾಟ ಆಗಿದ್ದು, ನನಗೆ ಅದು ಅರ್ಥ ಆಗಿದ್ದು ಎಲ್ಲ ಮುಗಿದ ಮೇಲೆ.

ಡೆಮೋ ಕ್ಲಾಸ್ ನೋಡಿದ್ರೆ ನೀವೂ ಬೀಳ್ತಿದ್ರಿ. ಮೇಲಿನ ದೊಡ್ಡ ಹಾಲು, ಹೊಳೆಯೋ ಮರದ ನೆಲ, ಒಂದು ಗೋಡೆ ಪೂರ್ತಿ ಕನ್ನಡಿ, ಇಪ್ಪತ್ತು ವರ್ಷ ರಂಗದ ಮೇಲೆ ಇದ್ದೋರು ಅಂತ ಪರಿಚಯ ಮಾಡಿಕೊಟ್ಟ ಒಬ್ಬ ಮೇಡಂ. ಅವರು ಮಕ್ಕಳನ್ನ ದುಂಡಗೆ ಕೂರಿಸಿ ಒಂದೇ ಒಂದು ದುಪಟ್ಟಾ ಕೊಟ್ಟು, ಇದು ದುಪಟ್ಟಾ ಅಲ್ಲ, ಏನು ಹೇಳಿ ಅಂದ್ರು. ಒಬ್ಬ ಹಗ್ಗ ಅಂದ, ಇನ್ನೊಬ್ಬ ಹಾವು ಅಂದ, ನಮ್ಮೋಳು ಅದನ್ನ ಮಡಚಿ ತೋಳಲ್ಲಿ ಎತ್ಕೊಂಡು ಲಾಲಿ ಹಾಡಿ ಮಲಗಿಸ್ಬಿಟ್ಲು. ಮೇಡಂ ಚಪ್ಪಾಳೆ ತಟ್ಟಿದ್ರು, ಫೋಟೋ ತೆಗೆಯೋ ಹುಡುಗ ಟಕ ಟಕ ಅಂತ ತೆಗೆದ, ನಾನು ಅಲ್ಲೇ ಕರಗಿಹೋದೆ. ಅವತ್ತೇ ಸೇರಿದ್ರೆ ಹತ್ತು ಪರ್ಸೆಂಟ್ ಕಮ್ಮಿ ಅಂದ್ರು. ಮೂರು ತಿಂಗಳದ್ದೂ ಒಟ್ಟಿಗೇ ಕಟ್ಬಿಟ್ವಿ.

ಫಾರಂ ನಾಲ್ಕು ಪುಟ ಇತ್ತು. ಓದ್ದೆ ಸಹಿ ಹಾಕಿದೆ, ಬಯ್ಯೋದಾದ್ರೆ ಬಯ್ಯಿರಿ.

ಆ ಮೇಡಂನ ನಾವು ಆಮೇಲೆ ನೋಡಿದ್ದು ಶೋ ದಿನ, ಹೂಗುಚ್ಛ ತಗೊಳ್ಳೋಕೆ ಬಂದಿದ್ರು.

ಮೊದಲ ಕ್ಲಾಸಿಗೆ ಹೋದ್ರೆ ದೊಡ್ಡ ಹಾಲು ಬೇರೆ ಯಾರಿಗೋ ಬುಕ್ ಆಗಿದೆ, ಮಕ್ಕಳು ಬೇಸ್‌ಮೆಂಟಿಗೆ ಅಂದ್ರು. ಸರಿ ಒಂದು ದಿನ ಇರ್ಬಹುದು ಅನ್ಕೊಂಡ್ವಿ, ಮೂರು ತಿಂಗಳೂ ಬೇಸ್‌ಮೆಂಟೇ. ಬ್ಯಾಚಿಗೆ ಹನ್ನೆರಡು ಮಕ್ಕಳು ಅಂದಿದ್ರು, ನಾನು ಎಣಿಸಿದಾಗ ಮೂವತ್ತೊಂದು. ಕಲಿಸೋಕೆ ಬಂದಿದ್ದು ಕಾಲೇಜು ಓದ್ತಿರೋ ಒಬ್ಬ ಹುಡುಗಿ, ಪಾಪ, ಒಳ್ಳೆಯವಳೇ, ಮಕ್ಕಳಿಗೂ ಅವಳನ್ನ ಕಂಡ್ರೆ ಇಷ್ಟ, ಆದ್ರೆ ಮೂವತ್ತೊಂದು ಮಕ್ಕಳನ್ನ ಒಬ್ಬಳೇ ಹಿಡಿದಿಡೋದ್ರಲ್ಲೇ ಅರ್ಧ ಗಂಟೆ ಹೋಗ್ತಿತ್ತು. ನಟನೇನೂ ಅವಳೇ, ಡ್ಯಾನ್ಸೂ ಅವಳೇ, ಹಾಡಿಗೆ ಮೊಬೈಲಲ್ಲಿ ಟ್ರ್ಯಾಕ್ ಹಾಕಿ ಅದರ ಜೊತೆ ಹಾಡಿ ಅನ್ನೋಳು. ಅವಳ ಮೇಲೆ ನನಗೆ ಕೋಪ ಇಲ್ಲ. ಎರಡು ತಿಂಗಳಿಂದ ಅವಳಿಗೂ ದುಡ್ಡು ಕೊಟ್ಟಿಲ್ಲ ಅಂತ ಆಮೇಲೆ ಅವಳೇ ಹೇಳಿದ್ಲು.

ಮೂರನೇ ವಾರದಿಂದ ಕ್ಲಾಸು ಅನ್ನೋದು ನಿಂತೇ ಹೋಯ್ತು, ಎಲ್ಲಾ ಶೋ ರಿಹರ್ಸಲ್ಲೇ. ಬ್ರೋಷರ್‌ನಲ್ಲಿ 24 ಕ್ಲಾಸು ಅಂತ ಇತ್ತು, ಮಗಳ ಡೈರಿ ನೋಡ್ಕೊಂಡು ನಾನು ಲೆಕ್ಕ ಹಾಕಿದೆ, ಏನಾದ್ರೂ ಕಲಿಸಿದ್ದು ಅಂತ ಅನ್ನಬಹುದಾಗಿದ್ದು ಬರೀ ಐದು. ಉಳಿದ ದಿನ ತನ್ನ ಸರದಿ ಬರೋ ತನಕ ಗೋಡೆಗೆ ಒರಗಿ ಕೂತ್ಕೊಳ್ಳೋದು. ಶೋ ಅಂದ್ರೆ ಸಾಕು ಅಪ್ಪ ಅಮ್ಮಂದಿರು ಎಲ್ಲಾ ಮರೀತೀವಿ ಅಂತ ಅವರಿಗೆ ಚೆನ್ನಾಗಿ ಗೊತ್ತು. ಮಗುಗೆ ಉಸಿರು ಹಿಡಿಯೋದು, ಮಾತು ಹಿಂದಿನ ಸಾಲಿಗೆ ತಲುಪಿಸೋದು, ಎದುರಿಗಿರೋರ ಮಾತು ಕೇಳಿಸ್ಕೊಂಡು ಉತ್ತರ ಕೊಡೋದು, ಇದೆಲ್ಲ ಕಲಿಸೋದು ನಿಧಾನದ ಕೆಲಸ, ಫೋಟೋದಲ್ಲಿ ಕಾಣಲ್ಲ. ಸ್ಟೇಜ್ ಮೇಲೆ ಮಿಂಚೋ ಬಟ್ಟೆ ಹಾಕಿ ನಿಲ್ಲಿಸಿದ್ರೆ ಕಾಣತ್ತೆ.

ಈಗ ನೆಲದ ವಿಷಯ. ಇದನ್ನ ಮಾತ್ರ ನಿಧಾನವಾಗಿ ಓದಿ.

ಐದನೇ ವಾರಕ್ಕೆ ಮಗಳು ರಾತ್ರಿ ಕಾಲು ನೋವು ಅನ್ನೋಕೆ ಶುರು ಮಾಡಿದ್ಲು, ಮಂಡಿಯಿಂದ ಪಾದದ ನಡುವೆ ಮುಂದುಗಡೆ ಮೂಳೆ ಇದೆಯಲ್ಲ, ಅದರ ಒಳಬದಿ. ಕುಣಿದಿದಾಳೆ, ಸುಸ್ತು ಅಂತ ನಾನು ಎಣ್ಣೆ ತಿಕ್ಕಿ ಮಲಗಿಸ್ತಿದ್ದೆ. ಒಂದು ದಿನ ಬೆಳಿಗ್ಗೆ ಮೆಟ್ಟಿಲು ಇಳಿಯೋವಾಗ ಒಂದೊಂದೇ ಮೆಟ್ಟಿಲು, ಎರಡೂ ಕಾಲು ಇಟ್ಟು ಇಳೀತಿದ್ಲು, ಚಿಕ್ಕ ಮಕ್ಕಳ ಥರ. ಡಾಕ್ಟರ್ ಒತ್ತಿ ನೋಡಿ ಶಿನ್ ಸ್ಪ್ಲಿಂಟ್ಸ್, ಅಂದ್ರೆ ಪದೇ ಪದೇ ಏಟು ಬಿದ್ದು ಆ ಮೂಳೆ ಉದ್ದಕ್ಕೂ ಬರೋ ನೋವು ಅಂದ್ರು, ಕೆಲವು ವಾರ ನೆಗೆಯೋದು ಪೂರ್ತಿ ಬಂದ್, ಹೀಗೇ ಮುಂದುವರಿಸಿದ್ರೆ ಮೂಳೇಲಿ ಸಣ್ಣ ಬಿರುಕು ಬಿಡೋ ತನಕ ಹೋಗ್ಬಹುದು ಅಂದ್ರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರ್ಲಿಲ್ಲ. ಎಂಥ ನೆಲದ ಮೇಲೆ ಕುಣಿತಾಳೆ ಅಮ್ಮ?

ಮಾರನೇ ದಿನ ಹೋಗಿ ಚಪ್ಪಲಿ ಬಿಟ್ಟು ಬೇಸ್‌ಮೆಂಟ್ ಒಳಗೆ ಕಾಲಿಟ್ಟೆ. ಕಪ್ಪು ವಿನೈಲ್ ಶೀಟು ಹಾಸಿದ್ರು, ನೋಡೋಕೆ ಥೇಟ್ ಡ್ಯಾನ್ಸ್ ಸ್ಟುಡಿಯೋ. ಹಿಮ್ಮಡಿ ಎತ್ತಿ ಒಂದ್ಸಲ ಕುಟ್ಟಿದೆ. ಠಪ್ ಅಂತು, ಅಷ್ಟೇ, ಏಟು ಮಂಡಿ ತನಕ ಬಂತು. ಮೂಲೇಲಿ ಟೇಪ್ ಕಿತ್ತಿತ್ತು, ಶೀಟು ಎತ್ತಿ ನೋಡಿದ್ರೆ ಕೆಳಗೆ ಸೀದಾ ಕಾಂಕ್ರೀಟು. ಮೇಲಿನ ಹಾಲಿಗೆ ಹೋಗಿ ಅದೇ ಥರ ಕುಟ್ಟಿದೆ, ಅಲ್ಲಿ ಧಬ್ ಅಂತ ಟೊಳ್ಳು ಸದ್ದು, ನೆಲ ಒಂಚೂರು ತಗ್ಗಿ ಎದ್ದ ಹಾಗೆ ಕಾಲಿಗೇ ಗೊತ್ತಾಗತ್ತೆ. ಇದಕ್ಕೆ ಸ್ಪ್ರಂಗ್ ಫ್ಲೋರ್ ಅಂತಾರಂತೆ. ಹೆಸರು ಕೇಳಿ ಒಳಗೆ ಸ್ಪ್ರಿಂಗ್ ಇರ್ಲೇಬೇಕು ಅನ್ಕೋಬೇಡಿ, ಮರದ ಪಟ್ಟಿಗಳನ್ನ ಅಡ್ಡಡ್ಡ ಜೋಡಿಸಿಯೋ, ಹಲಗೆ ಕೆಳಗೆ ಫೋಮ್ ಇಲ್ಲ ರಬ್ಬರ್ ಪ್ಯಾಡ್ ಕೊಟ್ಟೋ ಮಾಡಿರ್ತಾರೆ, ನೆಗೆದು ಇಳಿದಾಗ ಏಟಿನಲ್ಲಿ ಒಂದು ಪಾಲನ್ನ ನೆಲವೇ ನುಂಗತ್ತೆ. ಮೇಲೆ ಹಾಸೋ ವಿನೈಲಿಗೆ ಮಾರ್ಲಿ ಅಂತಾರೆ, ಮೂಲದಲ್ಲಿ ಅದೊಂದು ಕಂಪನಿ ಹೆಸರು, ಈಗ ಯಾರು ಮಾಡಿದ್ರೂ ಮಾರ್ಲೀನೇ. ಅದರ ಮುಖ್ಯ ಕೆಲಸ ಕಾಲು ಜಾರಬಾರ್ದು, ಅತಿಯಾಗಿ ಅಂಟಲೂಬಾರ್ದು ಅನ್ನೋದು. ಅಷ್ಟು ತೆಳ್ಳಗಿನ ಶೀಟು ಕಾಂಕ್ರೀಟಿನ ಏಟನ್ನ ಎಲ್ಲಿ ತಡೆಯತ್ತೆ! ನನ್ನಂಥೋರು ಕಪ್ಪು ಶೀಟು ನೋಡಿ ಆಹಾ ಅಂತೀವಿ, ಅದಕ್ಕೇ ಹಾಸಿರ್ತಾರೆ. ಸೇರಿಸೋ ಮುಂಚೆ ನಿಮ್ಮ ಮಗುವಿನ ಬ್ಯಾಚು ದಿನಾ ನಡೆಯೋ ರೂಮಿಗೇ ಹೋಗಿ ಬರಿಗಾಲಲ್ಲಿ ಕುಟ್ಟಿ ನೋಡಿ, ನಗ್ತಾರೆ, ನಗ್ಲಿ.

ಸೌಂಡೂ ಹಾಗೇ. ಆ ಸಣ್ಣ ರೂಮಿಗೆ ಮದುವೆ ಮನೆ ಸೈಜಿನ ಎರಡು ಸ್ಪೀಕರು. ಫೋನಿನ ಆ್ಯಪ್‌ನಲ್ಲಿ ಅಳೆದ್ರೆ 100 ಡೆಸಿಬಲ್ ಹತ್ರ ತೋರಿಸ್ತು, ಆ್ಯಪು ಪೂರ್ತಿ ಕರಾರುವಾಕ್ ಅಲ್ಲ ಒಪ್ತೀನಿ. ಕೆಲಸಗಾರರ ಆರೋಗ್ಯ, ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಶ್ (NIOSH) ಕೆಲಸದ ಜಾಗಕ್ಕೆ ಶಿಫಾರಸು ಮಾಡಿರೋ ಮಿತಿ 8 ಗಂಟೆಗೆ 85 ಡೆಸಿಬಲ್, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದ ಹಾಗೆ ಹೊತ್ತು ಅರ್ಧ, ಅಂದ್ರೆ 100ಕ್ಕೆ ಬರೀ 15 ನಿಮಿಷ. ಅದೂ ದೊಡ್ಡೋರ ಲೆಕ್ಕ. ನಮ್ಮ ಮಕ್ಕಳು ಎರಡೆರಡು ಗಂಟೆ ಅದರೊಳಗೆ ಇರ್ತಿದ್ರು.

ಇನ್ನೊಂದು ಸಂಜೆ ಕ್ಲಾಸು ನಲವತ್ತು ನಿಮಿಷ ಮುಂಚೆನೇ ಬಿಟ್ಟಿದ್ರು, ನಮಗೆ ಯಾರೂ ಫೋನ್ ಮಾಡ್ಲಿಲ್ಲ, ನಾನು ಹೋದಾಗ ಮಗಳು ಗೇಟ್ ಹತ್ರ ಒಬ್ಬಳೇ ಬ್ಯಾಗ್ ತಬ್ಕೊಂಡು ನಿಂತಿದ್ಲು. ಒಳಗೆ ಹೋಗಿ ಮಕ್ಕಳನ್ನ ಯಾರ ಕೈಗೆ ಒಪ್ಪಿಸ್ತೀರ, ಸಹಿ ಪುಸ್ತಕ ಎಲ್ಲಿ ಅಂದ್ರೆ ರಿಸೆಪ್ಷನ್‌ನೋನು, ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಮೇಡಂ ಅಂದ. ಆಗ ಅದು ನನಗೆ ಉಡಾಫೆ ಥರ ಕೇಳಿಸ್ತು. ಆಮೇಲೆ ಗೊತ್ತಾಯ್ತು, ಅವನು ಇದ್ದಿದ್ದು ಇದ್ದ ಹಾಗೆ ಹೇಳಿದ್ದ.

ಯಾಕಂದ್ರೆ ಕಾಲು ನೋವಿನ ಚೀಟಿ ಹಿಡ್ಕೊಂಡು, ಇನ್ನು ಕಳಿಸಲ್ಲ, ಉಳಿದ ದುಡ್ಡು ವಾಪಸ್ ಕೊಡಿ ಅಂತ ಕೇಂದ್ರದ ಮ್ಯಾನೇಜರ್ ಹತ್ರ ಹೋದಾಗ ಅವರು ರಸೀದಿ ತೋರಿಸಿ ಅಂದ್ರು. ತೋರಿಸಿದೆ. ಕನ್ನಡಕ ಏರಿಸ್ಕೊಂಡು ಓದಿ, ಇದು ನಮ್ಮದಲ್ವಲ್ಲಮ್ಮ ಅಂದ್ರು. ನೋಡಿದ್ರೆ ರಸೀದಿ ಮೇಲೆ ನಾನು ಯಾವತ್ತೂ ಕೇಳದ ಯಾವುದೋ ಬೇರೆ ತಂಡದ ಹೆಸರು! ಕೇಂದ್ರದೋರು ಹಾಲನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿದ್ದಾರೆ, ಅಷ್ಟೇ. ಪ್ರೋಗ್ರಾಂ ಅವರದಲ್ಲ, ಟೀಚರ್ ಅವರದಲ್ಲ, ಮಕ್ಕಳ ಜವಾಬ್ದಾರೀನೂ ಅವರದಲ್ಲ. ಬ್ರೋಷರ್ ಮೇಲೆ ಕೇಂದ್ರದ ಲೋಗೋ ಅಂಗೈ ಅಗಲ, ತಂಡದ ಹೆಸರು ಕೆಳಗೆ ಇರುವೆ ಸಾಲಿನ ಥರ. ತಂಡದೋರಿಗೆ ಫೋನ್ ಮಾಡಿದ್ರೆ, ನೆಲ, ಬಾಗಿಲು, ಗೇಟು ಎಲ್ಲಾ ಕೇಂದ್ರದ್ದು, ಅವರನ್ನೇ ಕೇಳಿ ಅಂದ್ರು. ದುಡ್ಡು ಕೇಳಿದ್ರೆ ಫಾರಂ ಮೂರನೇ ಪುಟ ಓದಿ ಅಂದ್ರು. ಓದಿದೆ: ಯಾವ ಕಾರಣಕ್ಕೂ ದುಡ್ಡು ವಾಪಸ್ ಇಲ್ಲ, ಬೇಕಿದ್ರೆ ಆರು ತಿಂಗಳೊಳಗೆ ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ತಾರೆ. ಮಗುಗೆ ಏಟಾದ್ರೆ ಯಾರು ಹೊಣೆ, ಇನ್ಶೂರೆನ್ಸ್ ಯಾರ ಹೆಸರಲ್ಲಿದೆ ಅಂತ ಎರಡೂ ಕಡೆ ಮೇಲ್ ಹಾಕಿದೆ, ಇವತ್ತಿನ ತನಕ ಎರಡೂ ಕಡೆಯಿಂದ ಉತ್ತರ ಇಲ್ಲ. ಹಾಲು ಬಾಡಿಗೆಗೆ ಕೊಡೋದು ತಪ್ಪಲ್ಲ, ಎಷ್ಟೋ ಒಳ್ಳೆ ತಂಡಗಳು ಹಾಗೇ ಬದುಕಿವೆ. ಆದ್ರೆ ದುಡ್ಡು ಕಟ್ಟೋ ಮುಂಚೆ ರಸೀದಿ ಯಾರ ಹೆಸರಲ್ಲಿ ಬರತ್ತೆ ಅಂತ ಒಂದು ಮಾತು ಕೇಳಿ, ಉತ್ತರ ಕೊಡೋಕೆ ತಡವರಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಶೋಗೆ ಮಾತ್ರ ಕಳಿಸಿದ್ವಿ, ಅವಳು ಅತ್ತು ಕರೆದು ಮಾಡಿದ್ಲು. ಕಾಸ್ಟ್ಯೂಮಿಗೆ ಬೇರೆ ದುಡ್ಡು, ಮೇಕಪ್ಪಿಗೆ ಬೇರೆ, ವಿಡಿಯೋಗೆ ಬೇರೆ, ಅದರ ಮೇಲೆ ಒಬ್ಬೊಬ್ಬರು ಹತ್ತು ಟಿಕೆಟ್ ಮಾರ್ಲೇಬೇಕು, ಮಾರದೆ ಉಳಿದಿದ್ದು ನಮ್ಮ ತಲೆಗೆ. ಎಲ್ಲಾ ಕೂಡಿಸಿದ್ರೆ ಫೀಸಿನ ಅರ್ಧಕ್ಕಿಂತ ಜಾಸ್ತಿ ಆಯ್ತು. ಪಾತ್ರ ಏನು ಗೊತ್ತಾ, ಮೂರನೇ ಸಾಲಿನಲ್ಲಿ ಥರ್ಮಾಕೋಲ್ ಮೋಡ. ಮೋಡ ಅವಳಿಗಿಂತ ಎತ್ತರ ಇದ್ದಿದ್ರಿಂದ ನಮಗೆ ಕಂಡಿದ್ದು ಎರಡು ಪಾದ. ನಮ್ಮನೆಯವರು ವಿಡಿಯೋ ತೆಗೀತಾ, ಎಡಗಡೆ ಮೋಡನಾ ಬಲಗಡೆ ಮೋಡನಾ ಅಂತ ನನ್ನನ್ನೇ ಕೇಳಿದ್ರು.

ಮೇಕಪ್ ಅಂತ ಅವಳ ಜೊತೆ ಹಿಂದುಗಡೆ ಹೋಗಿದ್ದೆ. ಸ್ಟೇಜ್ ಹಿಂದಿನ ಬಾಗಿಲಿಗೆ ಬೀಗ, ಅದಕ್ಕೆ ಒರಗಿಸಿ ಸೆಟ್ಟಿನ ಪ್ಲೈವುಡ್ಡು, ಬಟ್ಟೆ ಗಂಟು, ಪಕ್ಕದಲ್ಲೇ ಕೈ ಇಟ್ರೆ ಸುಡೋ ಲೈಟು. ಬೀಗ ಯಾಕೆ ಅಂದ್ರೆ ಟಿಕೆಟ್ ಇಲ್ದೋರು ನುಗ್ತಾರೆ ಅಂದ್ರು. ನಾನು ಆ ರಾತ್ರಿ ಕೂತು ಓದ್ದೆ, ಓದಬಾರ್ದಿತ್ತು. ಶಿಕಾಗೋದ ಇರೊಕ್ವಾಯ್ ಥಿಯೇಟರ್, 1903ರ ಡಿಸೆಂಬರ್ 30, ರಜೆಯ ಮಧ್ಯಾಹ್ನದ ಶೋ, ತುಂಬಾ ಜನ ಹೆಂಗಸರು ಮಕ್ಕಳು. ಸ್ಟೇಜ್ ಲೈಟಿನ ಕಿಡಿ ಪರದೆಗೆ ಹತ್ತಿತು, ಬೆಂಕಿ ತಡೆಯೋ ಪರದೆ ಅರ್ಧಕ್ಕೇ ಸಿಕ್ಕಿಹಾಕ್ಕೊಂಡಿತು, ಮೇಲಿನ ಅಗ್ಗದ ಸೀಟಿನೋರು ಕೆಳಗಿನ ಸೀಟಿಗೆ ಇಳೀಬಾರ್ದು ಅಂತ ಮೆಟ್ಟಿಲ ಗೇಟಿಗೆ ಬೀಗ ಹಾಕಿದ್ರು. 600ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಗೆ ಬಗ್ಗಲ್ಲ ಅಂತ ಜಾಹೀರಾತು ಕೊಟ್ಟ ಕಟ್ಟಡ, ತೆರೆದು ಇನ್ನೂ ಎರಡು ತಿಂಗಳೂ ಆಗಿರ್ಲಿಲ್ಲ. ನಮ್ಮ ಮಕ್ಕಳ ಹಿಂದೆ ಬಾಗಿಲಿಗೆ ಬೀಗ ಹಾಕೋಕೂ ಕಾರಣ ಹೆಚ್ಚುಕಮ್ಮಿ ಅದೇ, ಟಿಕೆಟ್ಟು. ಮುಂದಿನ ಸಲ ಎಲ್ಲೇ ಶೋಗೆ ಹೋದ್ರೂ ಮೊದಲು ಹಿಂದಿನ ಬಾಗಿಲು ತಳ್ಳಿ ನೋಡ್ತೀನಿ, ಹುಚ್ಚಿ ಅಂದ್ರೂ ಪರವಾಗಿಲ್ಲ.

ಮಗಳ ಕಾಲು ಈಗ ವಾಸಿ ಆಗಿದೆ, ಓಡ್ತಾಳೆ. ಕನ್ನಡಿ ಮುಂದೆ ನಿಲ್ಲೋದು ಮಾತ್ರ ಸ್ವಲ್ಪ ದಿನ ಬಿಟ್ಟಿದ್ಲು, ಮೊನ್ನೆ ಮತ್ತೆ ಶುರು ಮಾಡಿದಾಳೆ, ಈಗ ಆ ಕೇಂದ್ರದ ಮ್ಯಾನೇಜರ್ ಥರ ಕನ್ನಡಕ ಏರಿಸಿ, ಇದು ನಮ್ಮದಲ್ವಲ್ಲಮ್ಮ ಅಂತಾಳೆ, ನಗು ಬರತ್ತೆ, ಸಿಟ್ಟೂ ಬರತ್ತೆ.

ಇಷ್ಟೆಲ್ಲ ಬರೆಯೋಕೆ ಕೂತಿದ್ದು ಯಾಕಂದ್ರೆ ಹೋದ ವಾರ ಆ ರಸ್ತೇಲಿ ಹೋಗ್ತಿದ್ದಾಗ ಕೇಂದ್ರದ ಗೇಟಿಗೆ ಹೊಸ ಬ್ಯಾನರ್ ಕಟ್ಟಿದ್ರು. ಮುಂದಿನ ಬ್ಯಾಚ್, ಸೀಟು ಕಮ್ಮಿ ಇದೆ, ಇವತ್ತೇ ಸೇರಿ. ನಡುವೆ ದೊಡ್ಡದಾಗಿ ಮರದ ನೆಲದ ಹಾಲು, ಒಂದು ಹುಡುಗಿ ದುಪಟ್ಟಾನ ಮಗು ಥರ ತೋಳಲ್ಲಿ ಎತ್ಕೊಂಡು ಕಣ್ಣು ಮುಚ್ಚಿ ಲಾಲಿ ಹಾಡ್ತಿದಾಳೆ. ಮನೆಗೆ ಬಂದು ಫಾರಂ ತೆಗೆದೆ. ನಾಲ್ಕನೇ ಪುಟ, ಕೊನೇ ಸಾಲು: ಫೋಟೋಗಳನ್ನ ಎಷ್ಟು ಕಾಲಕ್ಕಾದ್ರೂ, ಎಲ್ಲಿ ಬೇಕಾದ್ರೂ ಬಳಸಬಹುದು ಅಂತ. ಕೆಳಗೆ ನನ್ನದೇ ಸಹಿ.