ಇಟಲಿ ಕಲಿಸಲು ನಕ್ಷೆಯೋ, ಚಿತ್ರದ ಕಾರ್ಡೋ?
ಐದಾರು ವರ್ಷದ ಮಕ್ಕಳಿಗಾದರೆ ನನ್ನ ಓಟು ನಕ್ಷೆಗೆ. ದೇಶದ ಆಕಾರವೇ ಬೂಟಿನ ಹಾಗಿದೆ, ಒಮ್ಮೆ ಬೆರಳಾಡಿಸಿದರೆ ಮರೆಯುವುದಿಲ್ಲ; ಬೂಟಿನ ತುದಿಗೆ ಸಿಸಿಲಿ ದ್ವೀಪ, ಅಲ್ಲಿ ಈಗಲೂ ಬೆಂಕಿ ಉಗುಳುವ ಎಟ್ನಾ ಜ್ವಾಲಾಮುಖಿ, ನಡುಭಾಗದಲ್ಲಿ ರಾಜಧಾನಿ ರೋಮ್, ಆ ರೋಮ್ ಒಳಗೇ ವ್ಯಾಟಿಕನ್ ಅನ್ನುವ ಇನ್ನೊಂದು ದೇಶ (ಇಲ್ಲಿ ಪ್ರಶ್ನೆಗಳ ಸುರಿಮಳೆ ಗ್ಯಾರಂಟಿ!).

ಕಾರ್ಡು ಬೇರೆ ಥರ. ಹಸಿರು, ಬಿಳಿ, ಕೆಂಪು ಬಾವುಟ, ವಾಲಿದ ಪೀಸಾ ಗೋಪುರ, ವೆನಿಸ್ ದೋಣಿ, ಎಲ್ಲ ಬೇಗ ಬಾಯಿಗೆ ಬರುತ್ತವೆ. ಆದರೆ ಯಾವುದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಸುಮ್ನೆ ಹೆಸರು ಒಪ್ಪಿಸುತ್ತಾರೆ. ಮೂರು ವರ್ಷದ ಮಗುವಿಗೆ ಅಷ್ಟೇ ಸಾಕು, ಅಲ್ವಾ? ಎರಡೂ ಇದ್ದರೆ ಕಾರ್ಡನ್ನು ನಕ್ಷೆಯ ಮೇಲೆ ಅದರದರ ಊರಲ್ಲೇ ಇಡಿಸಿ, ಪಿಜ್ಜಾ ಚಿತ್ರ ನೇಪಲ್ಸ್ ಮೇಲೆ.