ಮನೆ ಮಾರೋಕೆ ಮುಂಚೆ ಎಸಿ ಬದಲಿಸ್ತೀರಾ? ಪೈಪಿನ ಟೇಪ್ ಬಿಚ್ಚಿ ನೋಡಿ

ದಾವಣಗೆರೆಯಲ್ಲಿ ಮನೆ ಮಾರೋಕೆ ಇಟ್ಟಿರೋರು, ಹಳೇ ಎಸಿ ಕಿತ್ತು ಹೊಸದು ಹಾಕಿಸೋಣ ಅಂತಿರೋರು ದಯವಿಟ್ಟು ಓದಿ. ಅಂಗಡಿ ಹೆಸರು ಬರೆಯಲ್ಲ.

ನಮ್ಮದು ವಿದ್ಯಾನಗರದ ಮನೆ. ಒಂದೂವರೆ ಟನ್ ಸ್ಪ್ಲಿಟ್, ಹನ್ನೆರಡು ವರ್ಷದ್ದು, ಆರ್-22 ಗ್ಯಾಸ್. ಅದರ ಜಾಗಕ್ಕೆ ಆರ್-32 ಗ್ಯಾಸಿನ ಹೊಸ ಇನ್ವರ್ಟರ್ ಎಸಿ. ಯೂನಿಟ್ ಹೊಸದೇ, ಡಬ್ಬ ಒಡೆದಿದ್ದು ಕಣ್ಣೆದುರೇ. ಮೋಸ ಆಗಿದ್ದು ಒಳಗಿನ, ಹೊರಗಿನ ಯೂನಿಟ್ ಮಧ್ಯೆ ಗ್ಯಾಸ್ ಓಡೋ ಪೈಪಿನಲ್ಲಿ. 14 ಅಡಿ ಹೊಸ ತಾಮ್ರದ ಪೈಪು ಅಂತ ಅಂಗಡಿಯವ ಅಡಿಗೆ 250ರಂತೆ 3,500 ರೂಪಾಯಿ ತಗೊಂಡ. ಯೂನಿಟ್‌ಗೆ ಜಿಎಸ್‌ಟಿ ಬಿಲ್ ಕೊಟ್ಟ, ಪೈಪಿಗೆ ಮತ್ತು ಫಿಟ್ಟಿಂಗ್‌ಗೆ ಬರೀ ಬಿಳಿ ಚೀಟಿ.

ಮೂರನೇ ವಾರಕ್ಕೆ ತಂಪು ನಿಂತುಹೋಯ್ತು. ಅದೂ ಕೊಳ್ಳೋರು ಎರಡನೇ ಸಲ ಮನೆ ನೋಡೋಕೆ ಬಂದ ದಿನವೇ! ಔಟ್‌ಡೋರ್ ಹತ್ರ ಸಣ್ಣ ಪೈಪಿನ ಮೇಲೆ ಐಸ್, ಪೈಪಿನ ಅಗಲಿಸಿದ ಬಾಯಿನ (ಫ್ಲೇರ್) ಯೂನಿಟ್ಟಿಗೆ ಬಿಗಿಯೋ ಫ್ಲೇರ್ ನಟ್ ಸುತ್ತ ಎಣ್ಣೆ ಜಿಡ್ಡು. ಸಣ್ಣ ಪೈಪಿಗೆ ಐಸ್ ಕಟ್ಟಿದ್ರೆ ಗ್ಯಾಸ್ ಕಮ್ಮಿ, ಎಣ್ಣೆ ಕಂಡಲ್ಲೇ ಲೀಕ್. ಕೊಳ್ಳೋರ ಜೊತೆ ಬಂದಿದ್ದ ಎಲೆಕ್ಟ್ರಿಷಿಯನ್ ಹುಡುಗ ಉಗುರಲ್ಲೇ ಬಿಳಿ ಟೇಪ್ ಎಬ್ಬಿದ. ಮುಟ್ಟಿದ್ರೆ ಪುಡಿಪುಡಿ ಉದುರೋ ಕಪ್ಪು ಫೋಮು, ಅದರಡಿ ಹಸಿರು ಕಿಲುಬು ಹಿಡಿದ ತಾಮ್ರ. ಹಳೇ ಪೈಪಿಗೇ ಹೊಸ ಟೇಪ್ ಸುತ್ತಿದಾರೆ. "ಎಲ್ಲಾ ಹೊಸದು ಹಾಕ್ಸಿದೀವಿ" ಅಂತ ನಾನು ಕೊಳ್ಳೋರ ಮುಂದೆ ಹೇಳಿ ಐದು ನಿಮಿಷ ಆಗಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು, ಅಷ್ಟೇ. ಕಳ್ಳ ಯಾರಾದಂಗಾಯ್ತು ಹೇಳಿ? ಒಪ್ಪಿದ್ದ ರೇಟಿನಲ್ಲಿ 20,000 ಇಳಿಸಿದ್ರು. 3,500ರ ಪೈಪಿಗೆ!

ಹಳೇ ಪೈಪ್ ಆದ್ರೇನು ಅನ್ನೋರಿಗೆ: ಆರ್-32ರ ಪ್ರೆಶರ್ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು. ಹಳೇ ಫ್ಲೇರ್ ಬಾಯಿ ತಡೆಯಲ್ಲ. ಒಳಗೆ ಅಂಟಿರೋ ಮಿನರಲ್ ಆಯಿಲ್ ಹೊಸ ಕಂಪ್ರೆಸರಿನ ಆಯಿಲ್ ಜೊತೆ ಹೊಂದಲ್ಲ. ಹೊಸ ಆಯಿಲ್ ಬೇರೆ ನೀರಿನ ಪಸೆ ಹೀರೋ ಜಾತಿ, ಅದಕ್ಕೇ ವ್ಯಾಕ್ಯೂಮ್ ಮಾಡ್ಲೇಬೇಕು, ಅಂದ್ರೆ ಪೈಪಿನೊಳಗಿನ ಗಾಳಿ, ಪಸೆ ಎಳೆದು ತೆಗೀಬೇಕು. ಪಂಪ್ ಹಾಕಿ 20 ನಿಮಿಷಕ್ಕೆ ಕಮ್ಮಿ ಇಲ್ಲದಂಗೆ ಎಳೀಬೇಕು, ಆಮೇಲೆ ಪಂಪ್ ನಿಲ್ಲಿಸಿ ಗೇಜಿನ ಮುಳ್ಳು ವಾಪಸ್ ಬರುತ್ತಾ ನೋಡಬೇಕು, ಬಂದ್ರೆ ಎಲ್ಲೋ ಲೀಕು ಅಥವಾ ಪಸೆ ಉಳಿದಿದೆ ಅಂತ. ಅಂಗಡಿಯವ ಫಿಟ್ಟಿಂಗಿಗೆ ಕಳಿಸಿದ ಹುಡುಗರು ಪಂಪೇ ತಂದಿರಲಿಲ್ಲ. ಅಗ್ರಿಮೆಂಟ್ ಟೈಪ್ ಮಾಡಿಸೋಕೆ ಹೋಗಿ ಬರೋಷ್ಟರಲ್ಲಿ ಟೇಪ್ ಸುತ್ತಿ, ಕೂತು ಮಂಡಕ್ಕಿ-ಮೆಣಸಿನಕಾಯಿ ತಿಂತಿದ್ರು. ವ್ಯಾಕ್ಯೂಮ್ ಮಾಡಿದ್ರಾ ಅಂದ್ರೆ, "ಗ್ಯಾಸ್ ಬಿಟ್ಟು ಗಾಳಿ ತೆಗ್ದೀವ್ರೀ ಸಾರ್, ಎಲ್ರೂ ಹಂಗೇ ಮಾಡೋದು." ಗೊತ್ತಿದ್ದೂ ಸುಮ್ನಾಗಿದ್ದು ನನ್ನ ದಡ್ಡತನ.

ಅಂಗಡಿಯವನಿಗೆ ಫೋನ್ ಮಾಡಿದ್ರೆ ಮೊದಲು "ಫಿಲ್ಟರ್ ತೊಳೀರಿ ಸಾರ್." ಹೊಸ ಎಸಿಗೆ, ಮೂರು ವಾರಕ್ಕೆ! ಆಮೇಲೆ "ಆ ಹುಡುಗ್ರು ನಮ್ಮೋರಲ್ಲ, ಹೊರಗಿನೋರು." ಕಂಪನಿಯವರನ್ನ ಕರೆಸಿದ್ರೆ, ಹಳೇ ಪೈಪು, ನಾವು ಫಿಟ್ ಮಾಡಿಲ್ಲ, ಲೀಕು ವಾರಂಟಿಗೆ ಬರಲ್ಲ ಅಂತ ಬರೆದುಕೊಟ್ರು. ಅಂಗಡಿಯವನಿಗೆ ಪೈಪ್ ಫೋಟೋ ಕಳಿಸಿದ ಮೇಲೆ ಬಂದ ಉತ್ತರ: "ಹೆಂಗಿದ್ರೂ ಮನೆ ಮಾರ್ತೀರಲ್ರೀ ಸಾರ್, ನಿಮಗ್ಯಾಕ್ರೀ ತಲೆಬಿಸಿ?" ಎಸಿ ತಗೊಳ್ಳೋವಾಗ ಮಾರೋ ಮನೆಗೆ ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಮೋಸಕ್ಕೆ ಅದೇ ಲೈಸೆನ್ಸು.

ಹಾಗಾಗಿ ಮಾರೋ ಮನೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಫಿಟ್ಟಿಂಗ್ ಕಂಪನಿ ಹುಡುಗರಿಂದಲೇ ಮಾಡಿಸಿ, ಪೈಪ್ ಅಡಿ ಲೆಕ್ಕ ಬಿಲ್ಲಲ್ಲೇ ಬರೆಸಿ. ಗೋಡೆಗೆ ಹಾಕೋ ಮುಂಚೆ ಪೈಪ್ ಅಳೆದು ಫೋಟೋ ತೆಗೀರಿ, ವ್ಯಾಕ್ಯೂಮ್ ಗೇಜ್ ನೋಡೋವರೆಗೂ ಔಟ್‌ಡೋರಿನ ಗ್ಯಾಸ್ ವಾಲ್ವ್ ತೆರೆಯೋಕೆ ಬಿಡಬೇಡಿ. ನನ್ನ ಕೇಳಿದ್ರೆ ಹಳೇ ಎಸಿ ಇಳಿಸಿ ತೂತು ಮುಚ್ಚಿ, ಖಾಲಿ ಗೋಡೆ ತೋರಿಸಿ ಮಾರೋದೇ ವಾಸಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಈಗ ಅಂಗಡಿಯವ "ಬರ್ರಿ ಸಾರ್, ಕೂತು ಮಾತಾಡೋಣ" ಅಂತಿದಾನೆ. ಕಿಲುಬು ಹಿಡಿದ ಆ ಪೈಪಿನ ಒಂದು ಅಡಿ ತುಂಡು ಕೊಯ್ದು ಕವರಿಗೆ ಹಾಕಿಟ್ಟಿದೀನಿ. ಅದನ್ನ ತಗೊಂಡೇ ಹೋಗ್ತೀನಿ.